ಪದ ಪರಿಚಯ: ಕಾರ್ಡಿಯೋಮಯೋಪಥಿ

ಗ್ರೀಕ್ ಭಾಷೆಯ ಮೂರು ಪದಗಳ ಜೋಡಣೆ ಇದು. ‘ಕಾರ್ಡಿಯಾ’ ಎಂದರೆ ಹೃದಯ, ‘ಮಿಸ್’ ಎಂದರೆ ಸ್ನಾಯು, ‘ಪಾಥೋಸ್’ ಎಂದರೆ ಬೇನೆ. (ಇಲಿಯನ್ನೂ ಗ್ರೀಕರು ‘ಮಿಸ್’ ಎಂದೇ ಕರೆಯುತ್ತಿದ್ದರು!) ಕೇಳಲು ಪುರಾತನ ಎನಿಸಿದರೂ ಪದ ಬಳಕೆಗೆ ಬಂದದ್ದು 1957ರಲ್ಲಿ, ಲಂಡನ್ನಿನ ವೈದ್ಯ ವಾಲೇಸ್ ಬ್ರಿಗ್ಡೆನ್ ಅವರಿಂದ. ಮರುವರ್ಷವೇ ಶವಪರೀಕ್ಷಾ ತಜ್ಞ ಡೊನಾಲ್ಡ್ ಟಿಯರ್, ಹಠಾತ್ತನೆ ಸತ್ತ ಯುವಜನರ ಹೃದಯದ ಗೋಡೆ ಒಂದೆಡೆ ವಿಪರೀತ ದಪ್ಪಗಾಗಿದ್ದುದನ್ನು ವರ್ಣಿಸಿದರು.

ಈ ಬಗೆಯ ಕಾಯಿಲೆಗೆ ಅಂಟಿದ ವಿಶೇಷಣ ‘ಹೈಪರ್‌ಟ್ರೋಫಿಕ್’. ಅಕ್ಷರಶಃ ‘ಅತಿ ಪೋಷಣೆ’ಯದು. ದಾರಿ ತಪ್ಪಿಸುವ ಹೆಸರೇ ಸರಿ. ದೋಷ ಊಟದಲ್ಲಿಲ್ಲ, ಜೀನ್‌ನಲ್ಲಿದೆ. ಸ್ನಾಯುವನ್ನು ಸಂಕುಚಿಸುವ ಪ್ರೋಟೀನ್‌ಗಳನ್ನು ರೂಪಿಸುವ ಎಂವೈಎಚ್7, ಎಂವೈಬಿಪಿಸಿ3 ಮುಂತಾದ ಜೀನ್‌ಗಳು ಕೆಟ್ಟಾಗ ಹೃದಯದ ಎಳೆಗಳು ಅಸ್ತವ್ಯಸ್ತವಾಗಿ ಬೆಳೆಯುತ್ತವೆ. ಬಿರುಸಿನ ಆಟದ ನಡುವೆ ಬಡಿತದ ಲಯ ತಪ್ಪಬಹುದು. ತಂದೆಗೋ ತಾಯಿಗೋ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಶೇ 50.

2003ರ ಜೂನ್ 26ರಂದು ಫ್ರಾನ್ಸಿನ ಲಿಯಾನ್‌ನಲ್ಲಿ, ಕೊಲಂಬಿಯಾ ವಿರುದ್ಧದ ಕಾನ್ಫೆಡರೇಷನ್ಸ್ ಕಪ್ ಸೆಮಿಫೈನಲ್‌ನಲ್ಲಿ ಕ್ಯಾಮರೂನಿನ ಫುಟ್‌ಬಾಲ್ ಆಟಗಾರ ಮಾರ್ಕ್-ವಿವಿಯನ್ ಫೋ ಕುಸಿದು ಬಿದ್ದು ತೀರಿಕೊಂಡರು. ಸುತ್ತಮುತ್ತ ಎದುರಾಳಿ ಯಾರೂ ಇರಲಿಲ್ಲ. ವಯಸ್ಸು 28. ಶವಪರೀಕ್ಷೆ ಹೇಳಿದ್ದು ಇದೇ ಕಾಯಿಲೆಯನ್ನು.

ಕಾರ್ಡಿಯೋಮಯೋಪಥಿಯನ್ನು ಕನ್ನಡದಲ್ಲಿ ‘ಹೃದಯಸ್ನಾಯು ರೋಗ’ ಎನ್ನಬಹುದು. ಸುದ್ದಿಗಳಲ್ಲಿ ಮಾತ್ರ ಇಂಥ ಸಾವೆಲ್ಲ ‘ಹೃದಯಾಘಾತ’ವೇ! ಅದು ರಕ್ತನಾಳ ಕಟ್ಟಿಕೊಂಡಾಗ ಆಗುವಂಥದ್ದು. ಇಲ್ಲಿ ಆಗುವುದು ಹೃದಯಸ್ತಂಭನ. ಮನೆತನದಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಹೀಗೆ ತೀರಿಕೊಂಡಿದ್ದರೆ ಒಡಹುಟ್ಟಿದವರು, ಮಕ್ಕಳು ಇಸಿಜಿ, ಎಕೋ ಮಾಡಿಸಿಕೊಳ್ಳಬೇಕು.