ಸಹಿಷ್ಣುತಾ ವ್ಯಾಯಾಮ ಮತ್ತು ಪುರುಷರ ಕಾಮಾಸಕ್ತಿ

ದೂರದ ಓಟ, ಸೈಕ್ಲಿಂಗ್‌ಗಳಂಥ ದೀರ್ಘ, ಕಠಿಣ ತರಬೇತಿಯಿಂದ ಗಂಡಸರ ಲೈಂಗಿಕ ಬಯಕೆಯಲ್ಲಿ ಆಗುವ ಏರಿಳಿತ. ಕ್ರೀಡಾವೈದ್ಯದ ಅಧ್ಯಯನ ವಿಷಯ. ಖರ್ಚಾದಷ್ಟು ಶಕ್ತಿ ಆಹಾರದಿಂದ ದೊರೆಯದಿದ್ದಾಗ ಮೆದುಳಿನ ಹೈಪೊಥಲಾಮಸ್‌ನಿಂದ ಪಿಟ್ಯುಟರಿ ಗ್ರಂಥಿಗೆ ಹೋಗುವ ಸಂಕೇತ ತಗ್ಗಿ, ವೃಷಣಗಳಲ್ಲಿ ಬಯಕೆಗೆ ಬೇಕಾದ ಟೆಸ್ಟೋಸ್ಟೆರಾನ್ ಹಾರ್ಮೋನಿನ ಉತ್ಪತ್ತಿ ಇಳಿಯಬಹುದು; ದಣಿವು, ನಿದ್ದೆಗೇಡೂ ಜೊತೆಗೂಡುತ್ತವೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಆಂಥನಿ ಹ್ಯಾಕ್ನಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ 1,077 ಗಂಡಸರ ಸಮೀಕ್ಷೆಯಲ್ಲಿ, ಅತಿ ತೀವ್ರ ತರಬೇತಿಯವರಿಗಿಂತ ಹಗುರ ಅಥವಾ ಮಧ್ಯಮ ತೀವ್ರತೆಯ ತರಬೇತಿಯವರಲ್ಲಿ ಬಯಕೆ ಸಾಮಾನ್ಯ ಇಲ್ಲವೆ ಹೆಚ್ಚಿನ ಮಟ್ಟದಲ್ಲಿರುವ ಸಂಭವ ಅಧಿಕವಾಗಿತ್ತು. ಇದು ಸಹಸಂಬಂಧ, ಕಾರಣದ ರುಜುವಾತಲ್ಲ. ಗರಡಿಮನೆಯ ಪೈಲ್ವಾನರ ಬ್ರಹ್ಮಚರ್ಯ ಬೇರೆ ಮಾತು: ಅಲ್ಲಿ ಬಯಕೆಯನ್ನು ಹಿಡಿದಿಡುತ್ತಾರೆ, ಇಲ್ಲಿ ಬಯಕೆಯೇ ಇಳಿಯಬಹುದು. ತರಬೇತಿ ತಗ್ಗಿಸಿ ಊಟ, ವಿಶ್ರಾಂತಿ ಹೆಚ್ಚಿಸುವುದು ಮೊದಲ ಪರಿಹಾರ.