ಮೊಟ್ಟೆ ಬಿಟ್ಟ ಕಸ್ಟರ್ಡ್

ಗಾಜಿನ ಲೋಟದಲ್ಲಿ ಪದರ ಪದರವಾಗಿ ಬಡಿಸುವ ಪೇಸ್ಟ್ರಿ-ಕಸ್ಟರ್ಡ್ ಯುರೋಪಿನ ಸಿಹಿ. ಅಲ್ಲಿ ಹಾಲನ್ನು ಗಟ್ಟಿಯಾಗಿಸುತ್ತಿದ್ದುದು ಮೊಟ್ಟೆಯ ಹಳದಿ. ಹಾಗಿದ್ದರೆ ಹುಲಸೂರ, ಬಸವಕಲ್ಯಾಣದ ಲಿಂಗಾಯತ ಮನೆಗಳಿಗೆ ಅದು ಸಲ್ಲುವುದು ಹೇಗೆ?

ಉತ್ತರ ಒಂದು ಅಲರ್ಜಿಯಲ್ಲಿದೆ. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್, ಮೊಟ್ಟೆ ಒಗ್ಗದ ತನ್ನ ಪತ್ನಿಗಾಗಿ ಮೆಕ್ಕೆಜೋಳದ ಪಿಷ್ಟದಿಂದ ಕಸ್ಟರ್ಡ್ ತಯಾರಿಸಿದ. ಪುಡಿಯ ರೂಪ ತಳೆದ ಅದು ಸಸ್ಯಾಹಾರಿಗಳಿಗೂ ಒಪ್ಪಿತವಾಯಿತು.

ಈ ಸೀಮೆ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯ ಸೇರಿತು. ಹೈದರಾಬಾದಿನ ಹೆಸರಾಂತ ಸಿಹಿ ‘ಡಬಲ್ ಕಾ ಮೀಠಾ’ದಲ್ಲೂ ತುಪ್ಪದಲ್ಲಿ ಕರಿದ ಬ್ರೆಡ್ಡು ಸಕ್ಕರೆ ಪಾಕ, ಹಾಲು ಹೀರುತ್ತದೆ. ಲೋಟದ ಸಿಹಿ ಅದರ ದೂರದ ನೆಂಟ.

ಮಾಡುವ ಕ್ರಮ ಸರಳ. ಅರ್ಧ ಲೀಟರ್ ಹಾಲಿಗೆ ಎರಡು ದೊಡ್ಡ ಚಮಚ ಪುಡಿ. ಪುಡಿಯನ್ನು ಮೊದಲು ತಣ್ಣನೆಯ ಹಾಲಿನಲ್ಲೇ ಕದಡಬೇಕು. ಬಿಸಿ ತಗುಲಿದರೆ ಪಿಷ್ಟ ತಟ್ಟನೆ ಉಬ್ಬಿ ಗಂಟು ಕಟ್ಟುತ್ತದೆ. ಬಳಿಕ ಸಕ್ಕರೆ ಹಾಕಿದ ಕುದಿಯುವ ಹಾಲಿಗೆ ಸುರಿದು ಕೈಯಾಡಿಸಬೇಕು. ಆರಿದ ಕಸ್ಟರ್ಡ್, ಪುಡಿಮಾಡಿದ ಖಾರಿ, ಹಣ್ಣು ಒಂದರ ಮೇಲೊಂದು. ಖಾರಿಯ ಗರಿಗರಿ ಉಳಿಯಬೇಕಾದರೆ ಬಡಿಸುವ ಹೊತ್ತಿಗೇ ಹಾಕಬೇಕು.

ಒಬ್ಬಾಕೆಯ ಪಥ್ಯ ಹೀಗೆ ಬಹುಜನರ ಸಿಹಿಯಾಯಿತು.