ಬಿದನೂರಿನ ಘಟ್ಟದ ಹಾದಿಗಳು

ಶಿವಮೊಗ್ಗ ಜಿಲ್ಲೆಯ ಹೊಸನಗರದಿಂದ ಪಡುವಣ ದಿಕ್ಕಿಗೆ ಹೋಗುವ ಪ್ರಯಾಣಿಕನಿಗೆ, ಅಡಕೆಯ ತೋಟಗಳನ್ನೂ ಗದ್ದೆಯ ಬಯಲುಗಳನ್ನೂ ದಾಟಿದ ಬಳಿಕ, ನಗರವೆಂಬ ಸಣ್ಣ ಊರು ಎದುರಾಗುವುದು. ಹೆಸರು ನಗರವಾದರೂ ನೋಟಕ್ಕೆ ಹಳ್ಳಿಯೇ ಸರಿ. ಒಂದು ಪೇಟೆಯ ಬೀದಿ, ಕಾಡುಗಿಡ ಬೆಳೆದ ಕೋಟೆ, ನೀರು ತುಂಬಿದ ಕಂದಕ, ಸುತ್ತಲೂ ಮಂಜು ಕವಿದ ಗುಡ್ಡಗಳು, ಇವಿಷ್ಟೇ ಇಲ್ಲಿ ಮೊದಲು ಕಾಣುವುವು. ಆದರೆ ಹಿಂದೊಮ್ಮೆ ಈ ಊರಿನ ಸುತ್ತಳತೆ ಎಂಟು ಮೈಲಿಯಷ್ಟಿದ್ದಿತೆಂದು ಇತಿಹಾಸಕಾರರು ಬರೆದಿರುವರು. ಇಂತಹ ರಾಜಧಾನಿಯು ಈ ಮಳೆಕಾಡಿನ ನಡುವೆ ಏಕೆ ಹುಟ್ಟಿತು, ಏಕೆ ಅಳಿಯಿತು ಎಂಬುದನ್ನು ಅರಿಯಬೇಕಾದರೆ, ಇಲ್ಲಿಂದ ಕರಾವಳಿಗಿಳಿಯುವ ಘಟ್ಟದ ಹಾದಿಗಳನ್ನು ಮೊದಲು ಅರಿಯಬೇಕು.

ಬಿದಿರು ಮೆಳೆಗಳ ನಾಡಾದುದರಿಂದ ಊರಿಗೆ ಬಿದರೂರು, ಬಿದನೂರು ಎಂಬ ಹೆಸರು ಬಂದಿತು. ಸಂಸ್ಕೃತದಲ್ಲಿ ಇದನ್ನೇ ವೇಣುಪುರವೆಂದರು. ಕೆಳದಿಯ ಅರಸರು ಮೊದಲು ಕೆಳದಿಯಲ್ಲಿಯೂ ಅನಂತರ ಇಕ್ಕೇರಿಯಲ್ಲಿಯೂ ನೆಲೆಸಿದ್ದರು. 1637-38ರ ಸುಮಾರಿನಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಇಕ್ಕೇರಿಯ ಮೇಲೆ ದಂಡೆತ್ತಿ ಬಂದನು. ಬಯಲಿಗೆ ಸಮೀಪವಾದ ಊರು ಮೂಡಣದಿಂದ ಬರುವ ಕುದುರೆಯ ದಂಡನ್ನು ತಡೆಯಲಾರದೆಂಬುದು ಆಗ ಸ್ಪಷ್ಟವಾಯಿತು. ವೀರಭದ್ರನಾಯಕನು ಸುಮಾರು 1639-40ರಲ್ಲಿ ರಾಜಧಾನಿಯನ್ನು ಬಿದನೂರಿಗೆ ಸಾಗಿಸಿದನು. ಇಲ್ಲಿ ಕಾಡೇ ಹೊರಕೋಟೆ. ಬೆಟ್ಟದ ಇಕ್ಕಟ್ಟುಗಳೇ ಹೆಬ್ಬಾಗಿಲು. ಅಂತಹ ಕಣಿವೆಗಳಿಗೆ ಅಡ್ಡಲಾಗಿ ಉಕ್ಕಡಗಳನ್ನು ಕಟ್ಟಿ ಕಾವಲಿಟ್ಟರು.

ರಕ್ಷಣೆಯೊಂದೇ ಕಾರಣವಲ್ಲ. ಬಿದನೂರು ಘಟ್ಟದ ತಲೆಯ ಮೇಲಿದೆ. ಇಲ್ಲಿಂದ ಹುಲಿಕಲ್ಲಿನ ಮೂಲಕ ಹೊಸಂಗಡಿಗೆ ಇಳಿಯುವ ಹಾದಿಯೊಂದು, ನಾಗೋಡಿಯ ಮೂಲಕ ಕೊಲ್ಲೂರಿಗೆ ಇಳಿಯುವ ಹಾದಿಯೊಂದು. ಮೆಣಸು, ಅಡಕೆ ಮೊದಲಾದ ಸರಕು ಹೇರೆತ್ತುಗಳ ಬೆನ್ನಿನ ಮೇಲೆ ಇಳಿದು ಬಸರೂರು, ಕುಂದಾಪುರಗಳ ಹಡಗನ್ನು ಸೇರುತ್ತಿತ್ತು; ಉಪ್ಪೂ ಪರದೇಶದ ಸರಕೂ ಅದೇ ಹಾದಿಯಿಂದ ಮೇಲೇರುತ್ತಿದ್ದುವು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಭೂಮಿಯ ಕಂದಾಯಕ್ಕೆ ಗೊತ್ತಾದ ಶಿಸ್ತನ್ನು ಏರ್ಪಡಿಸಿದುದು ಎಲ್ಲರೂ ಬಲ್ಲ ಸಂಗತಿ. ಆತನೇ ಹೊನ್ನಾವರ, ಬಸರೂರು, ಮಂಗಳೂರುಗಳ ಪೋರ್ತುಗೀಸರ ಕೋಟೆಗಳನ್ನು ಹಿಡಿದುದರ ಮರ್ಮವೂ ಈ ಹಾದಿಗಳಲ್ಲಿಯೇ ಇದೆ. ಘಟ್ಟದ ಮೇಲಿನ ಬೆಳೆಗೆ ಬೆಲೆ ಕಟ್ಟುವವರು ಘಟ್ಟದ ಕೆಳಗಿನ ಪರಕೀಯರಾಗಬಾರದೆಂಬುದು ಆತನ ನೀತಿ.

ಈ ಬೆಟ್ಟಸಾಲಿನ ಚೆಲುವನ್ನು ಪರದೇಶದವರೂ ಮೆಚ್ಚಿದ್ದುಂಟು. ರಾಜಧಾನಿಯು ಇನ್ನೂ ಇಕ್ಕೇರಿಯಲ್ಲಿದ್ದಾಗ, 1623ರಲ್ಲಿ, ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆಯೆಂಬ ಪ್ರವಾಸಿಯು ಪೋರ್ತುಗೀಸರ ರಾಯಭಾರಿಯೊಡನೆ ಹೊನ್ನಾವರದಿಂದ ಗೇರಸೊಪ್ಪೆಗೆ ದೋಣಿಯಲ್ಲಿ ಬಂದು, ಘಟ್ಟವನ್ನೇರಿ, ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೋದನು. ಅಲ್ಲಿನ ಅಡವಿಯನ್ನೂ ತೊರೆಗಳನ್ನೂ ಕಂಡು ಅವನಿಗೆ ತನ್ನ ನಾಡಿನ ಅಪೆನೈನ್ ಬೆಟ್ಟಗಳ ನೆನಪಾಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನನು ನಗರಕ್ಕೆ ಬಂದನು. ಆ ವೇಳೆಗೆ ಊರಿನ ವೈಭವವು ಅಳಿದುಹೋಗಿದ್ದಿತು.

ಅಳಿಯಲು ಕಾರಣವಾದುದೂ ಹಾದಿಯೇ. 1763ರಲ್ಲಿ ಹೈದರಾಲಿಯು ಬಿದನೂರಿನತ್ತ ನಡೆದಾಗ, ಕುಂಸಿಯಲ್ಲಿ ಸೆರೆಯಾಗಿದ್ದ ಲಿಂಗಣ್ಣನೆಂಬ ಹಿಂದಿನ ಮಂತ್ರಿಯು ಅವನ ಕೈಗೆ ಸಿಕ್ಕಿದನೆಂದೂ, ಕಾಡಿನೊಳಗಿನ ಗುಪ್ತವಾದ ಕಾಲುದಾರಿಯೊಂದನ್ನು ಆತನೇ ತೋರಿಸಿಕೊಟ್ಟನೆಂದೂ ವಿಲ್ಕ್ಸನು ತನ್ನ ಮೈಸೂರಿನ ಇತಿಹಾಸದಲ್ಲಿ ಹೇಳಿರುವನು. ಸೈನ್ಯದ ಒಂದು ಭಾಗವು ಮುಂಬಾಗಿಲಿನಲ್ಲಿ ಹುಸಿಯುದ್ಧ ಹೂಡಿತು; ಇನ್ನೊಂದು ಭಾಗವು ಕಾಲುದಾರಿಯಲ್ಲಿ ನುಸುಳಿ ಪಟ್ಟಣವನ್ನು ಹೊಕ್ಕಿತು. ಜನರು ಕಾಡು ಸೇರಿದರು. ರಾಣಿ ವೀರಮ್ಮಾಜಿಯು ಬಲ್ಲಾಳರಾಯನದುರ್ಗಕ್ಕೆ ಓಡಿಹೋದರೂ ಸೆರೆಸಿಕ್ಕಿದಳು. ಹಿಂದೆ, 1689ರಲ್ಲಿ, ಮೊಗಲರಿಗೆ ಸಿಕ್ಕದೆ ಜಿಂಜಿಗೆ ಹೋಗುತ್ತಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಚೆನ್ನಮ್ಮಾಜಿಯು ಆಶ್ರಯವಿತ್ತಾಗ ಮರೆಯಾಗಿ ಕಾಪಾಡಿದ ಕಾಡು ಇದೇ. ಕಾಡು ಬದಲಾಗಿರಲಿಲ್ಲ, ಅದರ ಹಾದಿಯನ್ನು ಬಲ್ಲ ಒಬ್ಬನ ಮನಸ್ಸು ಮಾತ್ರ ಮುರಿದಿದ್ದಿತು.

ಹೈದರನು ಊರಿಗೆ ಹೈದರನಗರವೆಂದು ಹೆಸರಿಟ್ಟನು. ಕಾಲಕ್ರಮದಲ್ಲಿ ಅದು ಬರಿಯ ನಗರವಾಯಿತು. 1783ರ ಆದಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸನು ಕರಾವಳಿಯಿಂದ ಹೊಸಂಗಡಿಯ ಘಟ್ಟವನ್ನೇರಿ ಬಂದು ನಗರವನ್ನು ಹಿಡಿದನು. ಟಿಪ್ಪುವು ಕೂಡಲೇ ದಂಡೆತ್ತಿ ಬಂದು, ಕೋಟೆಯನ್ನು ಮುತ್ತುವುದರ ಜೊತೆಗೆ ಘಟ್ಟದ ಹಾದಿಗಳನ್ನೂ ಕಟ್ಟಿದನು. ಕೆಳಗಿನಿಂದ ನೆರವು ಬರುವ ದಾರಿಯಿಲ್ಲದೆ ಇಂಗ್ಲಿಷರು ಕೆಲವೇ ತಿಂಗಳಲ್ಲಿ ಶರಣಾದರು. 1830ರಲ್ಲಿ ಕಂದಾಯದ ಭಾರವನ್ನು ತಾಳಲಾರದ ರೈತರು ಅನಂತಪುರದ ಬಳಿಯ ಹೊಸಂತೆಯಲ್ಲಿ ಕೂಟ ಸೇರಿದರು. ಆ ನಗರದ ದಂಗೆಯ ಫಲವಾಗಿ 1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನರ ಕೈಸೇರಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ತಾಲೂಕಿನ ಕಚೇರಿಗಳು ಕಲ್ಲೂರುಕಟ್ಟೆಗೆ ಹೋಗಿ, ಅದು ಹೊಸನಗರವಾಯಿತು. ಹಳೆಯ ನಗರಕ್ಕೆ ಉಳಿದುದು ಹೆಸರು, ಕೋಟೆ ಮತ್ತು ಹಾದಿಗಳು.

ಆ ಹಾದಿಗಳಲ್ಲಿ ನಡೆಯುವವನಿಗೆ ಇಂದಿಗೂ ಇತಿಹಾಸವೂ ಪ್ರಕೃತಿಯೂ ಒಟ್ಟಿಗೆ ದೊರೆಯುವುವು. ಕೆಲವು ಕಿಲೋಮೀಟರ್ ದೂರದಲ್ಲಿ, ಮರಗಳ ನೆರಳಿನಲ್ಲಿ, ಅರಸು ಮನೆತನದವರ ಜಲಕ್ರೀಡೆಗಾಗಿ ಕಟ್ಟಿದ ದೇವಗಂಗೆಯ ಕೊಳಗಳಿವೆ. ಬೆಟ್ಟದ ಒರತೆಯ ನೀರು ಅವುಗಳಲ್ಲಿ ಇನ್ನೂ ಹರಿಯುತ್ತಿದೆ. ಮುಂದೆ ಸಂಪೇಕಟ್ಟೆ, ನಿಟ್ಟೂರುಗಳ ಕಡೆಯಿಂದ ಕೊಡಚಾದ್ರಿಯ ದಾರಿ ತೆರೆಯುವುದು. ಹಿಡ್ಲುಮನೆಯ ಜಲಪಾತದ ಪಕ್ಕದಲ್ಲಿ ಏರಿ, ದಟ್ಟವಾದ ಕಾಡನ್ನು ದಾಟಿದರೆ, ಒಮ್ಮೆಗೇ ಹುಲ್ಲುಗಾವಲಿನ ಬೋಳುಗುಡ್ಡಗಳು ಕಾಣಿಸಿಕೊಳ್ಳುವುವು. ಮೂಲ ಮೂಕಾಂಬಿಕೆಯ ಗುಡಿಯ ಬಳಿ ಪುರಾತನವಾದ ಕಬ್ಬಿಣದ ಕಂಬವೊಂದು ಮಳೆಗೂ ಗಾಳಿಗೂ ಮೈಯೊಡ್ಡಿ ನಿಂತಿದೆ. ಸುಮಾರು 1,343 ಮೀಟರ್ ಎತ್ತರದ ಶಿಖರದ ಮೇಲೆ ಶಂಕರಾಚಾರ್ಯರ ಹೆಸರಿನ ಸರ್ವಜ್ಞಪೀಠವೆಂಬ ಕಲ್ಲುಮಂಟಪವಿದೆ. ಆಕಾಶ ತಿಳಿಯಾದ ದಿನ ಅಲ್ಲಿಂದ ಪಡುಗಡಲಿನ ಗೆರೆ ಕಾಣುವುದು. ಬೆಟ್ಟದ ಬುಡದ ಕಾಡು ಸಿಂಗಳೀಕದ ನೆಲೆ. ಕೊಲ್ಲೂರಿನ ಕಡೆಯ ಅರಣ್ಯವನ್ನು 1974ರಲ್ಲಿ ಮೂಕಾಂಬಿಕಾ ಅಭಯಾರಣ್ಯವೆಂದು ಸಾರಲಾಯಿತು.

ಆದರೆ ಈ ಸೀಮೆಯ ಎಷ್ಟೋ ಹಾದಿಗಳು ಈಗ ನೀರಿನಡಿಯಲ್ಲಿವೆ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದಾಗ ಶರಾವತಿಯ ಕಣಿವೆಯ ಊರುಗಳೂ ತೋಟಗಳೂ ಮುಳುಗಿದುವು. ಅನಂತರ ಚಕ್ರಾ, ಸಾವೆಹಕ್ಲು, ವಾರಾಹಿಯ ಮಾಣಿ ಕಟ್ಟೆಗಳಿಂದ ನಗರದ ಸುತ್ತಲಿನ ಕಣಿವೆಗಳಿಗೂ ಅದೇ ಗತಿಯಾಯಿತು. 455 ಮೀಟರ್ ಇಳಿಯುವ ವಾರಾಹಿಯ ಕುಂಚಿಕಲ್ಲು ಜಲಪಾತವು ಈಗ ಮಳೆಗಾಲದಲ್ಲಿ ಮಾತ್ರ ತನ್ನ ರೂಪವನ್ನು ತೋರುವುದು. ನಾಡಿನ ದೀಪಗಳು ಬೆಳಗುವುದಕ್ಕಾಗಿ ಮನೆ ಬಿಟ್ಟುಹೋದವರ ಕಾಲುದಾರಿಗಳು ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಕೆಸರಿನ ನಡುವೆ ಅಲ್ಲಲ್ಲಿ ಎದ್ದು ಕಾಣುವುವು.

ಉಳಿದ ಹಾದಿಗಳಿಗೆ ಬೇರೆಯ ಕೇಡು ಒದಗಿದೆ. ಕೊಡಚಾದ್ರಿಯ ಜೀಪಿನ ದಾರಿಯಲ್ಲಿ ಚಕ್ರಗಳು ಮಣ್ಣನ್ನು ಕೊರೆದು, ಮಳೆಯ ನೀರು ಅದನ್ನು ಕೊಚ್ಚಿ ಒಯ್ಯುವುದು. ತಿಂದು ಬಿಸುಟ ಪ್ಲಾಸ್ಟಿಕ್ಕು ತೊರೆಗಳನ್ನು ಸೇರುವುದು. ನಡೆದು ಹೋಗುವವನಿಗೆ ಹಳ್ಳಿಯವರ ಪರಿಚಯವಾಗುವುದು. ಯಾವ ಹಳ್ಳವನ್ನು ಯಾವ ತಿಂಗಳಲ್ಲಿ ದಾಟಬಾರದು, ಯಾವ ಗುಡಿಯ ಬಳಿ ಕುಡಿಯುವ ನೀರುಂಟು ಎಂಬುದನ್ನು ಅವರಿಂದಲೇ ಅರಿಯಬೇಕು. ಈ ತಿಳಿವಳಿಕೆಯು ಯಾವ ಕೋಟೆಯ ಶಾಸನದಲ್ಲಿಯೂ ಇಲ್ಲ. ಅದನ್ನು ಬಲ್ಲ ಹಿರಿಯರು ಇರುವಾಗಲೇ ಹಾದಿಗಳ ಹೆಸರುಗಳನ್ನೂ ಉಕ್ಕಡಗಳ ಎಡೆಗಳನ್ನೂ ಕೇಳಿ ಬರೆದಿಡುವುದು ಜಿಲ್ಲೆಯ ವಿದ್ಯಾವಂತರು ಮಾಡಬಹುದಾದ ಕೆಲಸ. ಕೋಟೆಯ ಕಲ್ಲು ಇನ್ನೂ ಕೆಲವು ನೂರು ವರ್ಷ ನಿಂತೀತು. ಕಾಲುದಾರಿಯನ್ನು ಎರಡು ಮಳೆಗಾಲ ತುಳಿಯದೆ ಬಿಟ್ಟರೆ ಸಾಕು, ಕಾಡು ಅದನ್ನು ಮರಳಿ ಪಡೆಯುವುದು.